ಎಪ್ಪತ್ತು ಪರ್ಸೆಂಟ್ ಅಗ್ಗದ ಪೆಟ್ಟಿಗೆ

“ಅದು ಬೇಡ ಆಂಟಿ, ಕೆಳಗಿಡಿ. ಅದರ ಫ್ಯಾನ್ ತಿರುಗೋಕೆ ಶುರು ಮಾಡಿದ್ರೆ ಪಕ್ಕದ ಮನೆಯೋರು ಬಂದು ಬಾಗಿಲು ಬಡಿತಾರೆ.”

ಡಾಗ್ನಿ ವಿಕಾಂಡರ್ ಕೈಯಲ್ಲಿದ್ದ ಸ್ವಿಚ್ಚನ್ನು, ಇಂಟರ್ನೆಟ್ ತಂತಿಗಳನ್ನು ಕೂಡಿಸಿ ಹಂಚುವ ಹಳೆಯ ಪೆಟ್ಟಿಗೆಯನ್ನು, ಮತ್ತೆ ಕಪಾಟಿಗಿಟ್ಟಳು. ಆಂಟಿ ಎನ್ನಿಸಿಕೊಂಡದ್ದು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅರವತ್ತೆರಡು ತುಂಬಿದ್ದು ನಿಜ. ಆದರೆ ಹಾಗೆ ಕರೆದ ರೂನೆ ಹಾಗ್‌ಮಾನನ ಗಡ್ಡದಲ್ಲೂ ಒಂದು ಕಪ್ಪು ಕೂದಲು ಬೇಕೆಂದರೆ ಹುಡುಕಬೇಕಿತ್ತು.

“ಮತ್ತೆ ಯಾವುದು ತಗೊಳ್ಲಿ?”

“ಯಾತಕ್ಕೆ ಅಂತ ಹೇಳಿದ್ರೆ ತಾನೇ? ಮನೆಗಾ, ಅಂಗಡಿಗಾ?”

“ಹೂವಿನಂಗಡಿಗೆ. ನನ್ನ ತಂಗೀದು.”

ಡಾಗ್ನಿಗೆ ತಂಗಿ ಇರಲಿಲ್ಲ. ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

“ಹಾಗಾದ್ರೆ ಎಂಟು ತೂತಿಂದು ಸಾಕು, ಫ್ಯಾನ್ ಇಲ್ಲದ್ದು,” ಎಂದ ರೂನೆ. “ಜನ ಏನ್ಮಾಡ್ತಾರೆ ಗೊತ್ತಾ? ಅಗ್ಗಕ್ಕೆ ಸಿಕ್ತು ಅಂತ ನಲವತ್ತೆಂಟು ತೂತಿಂದನ್ನ ಹೊತ್ಕೊಂಡು ಹೋಗ್ತಾರೆ. ಆಮೇಲೆ ಕರೆಂಟ್ ಬಿಲ್ ನೋಡಿ ಎದೆ ಹಿಡ್ಕೋತಾರೆ. ಇನ್ನೊಂದು ಮಾತು. ತಯಾರು ಮಾಡಿದೋರು ಇದಕ್ಕೆ ಇನ್ನೂ ಅಪ್‌ಡೇಟ್ ಕೊಡ್ತಿದಾರಾ ಅಂತ ಮೊದಲು ಕೇಳಬೇಕು. ನಿಲ್ಲಿಸಿದಾರೆ ಅಂದ್ರೆ ಪುಕ್ಕಟೆ ಕೊಟ್ರೂ ಮುಟ್ಟಬೇಡಿ.”

ಡಾಗ್ನಿ ಒಳಗೊಳಗೇ ಪೇಚಾಡಿಕೊಂಡಳು. ಮೋಸಗಾರನೊಬ್ಬನನ್ನು ಹಿಡಿಯಲೆಂದು ಎರಡು ಬಸ್ಸು ಬದಲಾಯಿಸಿ ಗೇವ್ಲೆ ಪಟ್ಟಣದ ಈ ಹಳೇ ಸಾಮಾನಿನಂಗಡಿಯವರೆಗೆ ಬಂದಿದ್ದಳು. ಈ ಮನುಷ್ಯ ದುಬಾರಿ ಮಾಲನ್ನು ಗಿರಾಕಿಯ ಕೈಯಿಂದ ಕಿತ್ತು ಅಗ್ಗದ್ದನ್ನು ಕೊಡುತ್ತಿದ್ದಾನೆ.

ಹನ್ನೊಂದು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಗ್ರಾನ್‌ಬೂ ಹಳ್ಳಿಯ ನಲವತ್ತೊಂದು ಮನೆಗಳ ಇಂಟರ್ನೆಟ್ ಒಂದೇ ಸಲಕ್ಕೆ ಸತ್ತಿತ್ತು. ಅದರ ಜೊತೆ ಟೂರಾ ಬೆರ್ಗ್‌ವಾಲ್‌ಳ ಕೊರಳಲ್ಲಿದ್ದ, ಒತ್ತಿದರೆ ಇಂಟರ್ನೆಟ್ ಮೂಲಕ ಸಹಾಯ ಕರೆಯುವ ಅಪಾಯದ ಗಂಟೆಯೂ ಸತ್ತಿತ್ತು. ಎಪ್ಪತ್ತನಾಲ್ಕರ ಟೂರಾ ತನ್ನ ಅಡುಗೆಮನೆಯ ನೆಲದ ಮೇಲೆ ಏಳು ಗಂಟೆ ಬಿದ್ದುಕೊಂಡಿದ್ದಳು. ಈಗ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದಾಳೆ.

ಪೊಲೀಸರು ಒಂದು ಹಾಳೆಯಲ್ಲಿ ಮುಗಿಸಿದ್ದರು. ಮುದುಕಿ ಜಾರಿ ಬಿದ್ದದ್ದು ಆಕಸ್ಮಿಕ, ಜಾಲ ಸತ್ತದ್ದು ಹಳೆಯ ಅಗ್ಗದ ಮಾಲಿನ ತಪ್ಪು. ಆ ಮಾಲನ್ನು ಆರಿಸಿ ಕೊಂಡು ತಂದವನು ಹಳ್ಳಿಗೆ ಇಂಟರ್ನೆಟ್ ಕೇಬಲ್ ಎಳೆದ ಫೈಬರ್ ಸಂಘದ ಐನಾರ್ ಮೊಬೆರ್ಗ್. ನಾಡಿದ್ದು ಶನಿವಾರ ಸಂಘದ ಸಭೆ. ಅಲ್ಲಿ ಅವನು ತಪ್ಪೊಪ್ಪಿಕೊಂಡರೆ ಸಂಘದಿಂದ ಹೊರಗೆ, ಆಮೇಲೆ ನಿರ್ಲಕ್ಷ್ಯದ ಕೇಸು. ಅವನ ಎಪ್ಪತ್ತೊಂದು ವರ್ಷದ ಮರ್ಯಾದೆ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು.

ಐನಾರ್‌ನನ್ನು ಡಾಗ್ನಿ ಮೂವತ್ತು ವರ್ಷದಿಂದ ಬಲ್ಲಳು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಅವನು ಕಂಬ ಹತ್ತುವ ಲೈನ್‌ಮನ್. ಹಿಮದಲ್ಲಿ ತಂತಿ ಹರಿದರೆ ಊಟ ಬಿಟ್ಟು ಓಡುತ್ತಿದ್ದವನು. ಗ್ರಾನ್‌ಬೂಗೆ ಕೇಬಲ್ ಎಳೆಯಲು ಯಾವ ಕಂಪನಿಯೂ ಬರದಿದ್ದಾಗ, ಮನೆಗೊಬ್ಬರಂತೆ ಹಾರೆ ಹಿಡಿಸಿ ಒಂಬತ್ತು ಕಿಲೋಮೀಟರ್ ಕಾಲುವೆ ತೋಡಿಸಿದ್ದೂ ಅವನೇ.

“ನಂಬರ್ ಚೀಟಿ ತಗೊಂಡ್ರಾ?” ರೂನೆ ಕೇಳಿದ.

“ಅಂಗಡೀಲಿ ನಾನೊಬ್ಬಳೇ ಇರೋದು.”

“ಇದ್ರೂ ತಗೋಬೇಕು. ಸಾಲು ಅಂದ್ರೆ ಸಾಲು.”

ಬಾಗಿಲ ಬಳಿಯ ಕೆಂಪು ಡಬ್ಬಿಯಿಂದ ಅವಳು ಚೀಟಿ ಎಳೆದಳು. ಹದಿನೇಳು. ರೂನೆ ಗೋಡೆಯ ಗುಂಡಿ ಒತ್ತಿದ, ಮೇಲೆ ಹದಿನೇಳು ಬೆಳಗಿತು, ಅವನ ಮುಖದಲ್ಲಿ ಸಮಾಧಾನ ಮೂಡಿತು.

“ಬನ್ನಿ, ನಿಮ್ಮದನ್ನ ಪರೀಕ್ಷೆ ಮಾಡೇ ಕೊಡ್ತೀನಿ,” ಎಂದು ಒಳಬಾಗಿಲು ತಳ್ಳಿದ.

ಡಾಗ್ನಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಿಂದೆ ಬೆಂಕಿ ಆರಿಸುವ ಲಾರಿಗಳು ನಿಲ್ಲುತ್ತಿದ್ದ ಚಾವಡಿ ಅದು. ಈಗ ನೆಲದಿಂದ ಸೂರಿನವರೆಗೆ ಕಪಾಟುಗಳು, ಕಪಾಟಿನ ತುಂಬ ಸ್ವಿಚ್ಚುಗಳು, ರೂಟರುಗಳು, ಎಲ್ಲವೂ ಜೀವಂತ. ಸಾವಿರಾರು ಹಸಿರು ದೀಪಗಳು ಒಂದೊಂದೂ ತನ್ನದೇ ಲಯದಲ್ಲಿ ಮಿನುಗುತ್ತಿದ್ದವು. ಗಾಳಿಯಲ್ಲಿ ಒಂದೇ ಸಮನೆ ಸಣ್ಣ ಗುಂಯ್‌ಗುಡುವಿಕೆ. ಮೂವತ್ತನಾಲ್ಕು ವರ್ಷ ಎಕ್ಸ್‌ಚೇಂಜಿನಲ್ಲಿ ದುಡಿದವಳು ಅವಳು. ಆದರೂ ಮೈ ಜುಮ್ಮೆಂದಿತು.

“ಅಬ್ಬಾ!” ಅವಳಿಗೆ ಅರಿವಿಲ್ಲದೆ ಬಾಯಿಂದ ಬಂತು.

“ಅಲ್ವಾ?” ರೂನೆಯ ದನಿಯೂ ತಗ್ಗಿತ್ತು. “ದಿನಾ ನೋಡ್ತೀನಿ, ಆದ್ರೂ ಸಾಕಾಗಲ್ಲ. ಆ ಮೂಲೇದು ನೋಡಿ, ಹೆರಿಗೆ ವಾರ್ಡಿಂದ ಬಂದದ್ದು. ಹದಿನಾಲ್ಕು ವರ್ಷ ಒಂದು ಸಲಾನೂ ಆರಿಲ್ಲ. ಎಷ್ಟು ಮಕ್ಕಳು ಹುಟ್ಟಿದ ಸುದ್ದಿ ಅದರೊಳಗಿಂದ ಹೋಗಿದೆಯೋ! ಹೊಸದು ಬಂತು ಅಂತ ಇದನ್ನ ಕಸಕ್ಕೆ ಎಸೆಯೋದಾ? ನನ್ನ ಕೈಲಾಗಲ್ಲ.”

ಮೇಜಿನ ಮೇಲೆ ಬಂಡಿಗಾಲಿಯಷ್ಟು ದೊಡ್ಡ ಸುರುಳಿಯಿತ್ತು. ಕೂದಲಿಗಿಂತ ಸಣ್ಣ ಗಾಜಿನ ಎಳೆ, ಹತ್ತು ಕಿಲೋಮೀಟರ್. ರೂನೆ ಒಂದು ತುದಿಗೆ ಪೆನ್ನಿನಂಥ ಕೆಂಪು ದೀಪ ಸಿಕ್ಕಿಸಿದ. ಇನ್ನೊಂದು ತುದಿಯನ್ನು ಅವಳ ಅಂಗೈ ಹತ್ತಿರ ಹಿಡಿದ. ಅಂಗೈ ನಡುವೆ ಕುಂಕುಮದಷ್ಟು ಕೆಂಪು ಚುಕ್ಕಿ ಬಿತ್ತು.

ಹತ್ತು ಕಿಲೋಮೀಟರ್ ಸುತ್ತಿ ಬಂದ ಬೆಳಕು. ಡಾಗ್ನಿ ಅಂಗೈ ಮುಚ್ಚಿದಳು, ತೆರೆದಳು. ಗ್ರಾನ್‌ಬೂ ಜನ ಬೊಬ್ಬೆಯೆದ್ದ ಕೈಗಳಲ್ಲಿ ನೆಲದಡಿ ಹೂತಿಟ್ಟದ್ದು ಇದನ್ನೇ. ಐನಾರ್ ಮೊದಲ ಸಲ ಈ ಚುಕ್ಕಿ ನೋಡಿದ ದಿನ ಗಂಡಸು ಎನ್ನುವುದನ್ನೂ ಮರೆತು ಅತ್ತಿದ್ದನಂತೆ. ಅವಳಿಗೆ ಈಗ ಅದು ಅರ್ಥವಾಯಿತು.

ಇನ್ನು ನಾಟಕ ಸಾಕು ಎನ್ನಿಸಿತು. ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

“ತಂಗೀನೂ ಇಲ್ಲ, ಹೂವಿನಂಗಡೀನೂ ಇಲ್ಲ ರೂನೆ. ಇದು ಗ್ರಾನ್‌ಬೂದು. ಗುರುತು ಸಿಗ್ತಾ?”

ರೂನೆಯ ಮುಖ ಕಳೆಗುಂದಿತು. ಸುದ್ದಿ ಅವನಿಗೂ ಮುಟ್ಟಿತ್ತು.

“ಪೊಲೀಸರಾ ನೀವು?”

“ಅಲ್ಲ. ಐನಾರ್‌ನ ಕಡೆಯವಳು. ಮುಖ್ಯ ಪೆಟ್ಟಿಗೆ ಇದೇ. ಟೂರಾ ಮನೆಯಂಗಳದ ಗುಡಿಸಲಲ್ಲಿತ್ತು. ಊರಿನ ಎಲ್ಲಾ ಎಳೆಗಳೂ ಇದಕ್ಕೇ ಬಂದು ಸೇರ್ತಿದ್ವು. ನೆನ್ನೆ ಬದಲಿ ಪೆಟ್ಟಿಗೆ ಹಾಕ್ಸಿ ಇದನ್ನ ಬಿಚ್ಚಿಸ್ಕೊಂಡು ಬಂದೆ.”

“ಅದು ಕೆಟ್ಟಿರೋಕೆ ಸಾಧ್ಯಾನೇ ಇಲ್ಲ. ಎರಡು ವಾರ ಇಲ್ಲೇ ಓಡಿಸಿ ನೋಡಿ ಕಳಿಸಿದೀನಿ.”

“ಕೆಟ್ಟಿಲ್ಲ. ನಾನೂ ಅದನ್ನೇ ಹೇಳ್ತಿರೋದು. ಆ ದಿನ ಸಂಜೆ ಆರಕ್ಕೆ ಐನಾರ್ ಮೀನು ಹಿಡಿಯೋದು ಮುಗಿಸಿ ಕೆರೆಯಿಂದ ಬಂದ. ಎಲ್ಲರೂ ನೆಟ್ ಇಲ್ಲ ಅಂದ್ರು. ಗುಡಿಸಲಿಗೆ ಹೋದ್ರೆ ಪೆಟ್ಟಿಗೆ ದೀಪ ಉರಿಸ್ಕೊಂಡು ಆರಾಮಾಗಿ ಓಡ್ತಿದೆ. ಆದ್ರೆ ಗ್ರಾನ್‌ಬೂ ಅನ್ನೋ ಊರೇ ಅದಕ್ಕೆ ಗೊತ್ತಿಲ್ಲ. ಅವನು ಮುಂಭಾಗದ ಗುಂಡಿ ಒತ್ತಿ, ನೋಟ್‌ಬುಕ್ ನೋಡ್ಕೊಂಡು ಎಲ್ಲಾ ಹೊಸದಾಗಿ ತುಂಬಿದ. ಸರಿಹೋಯ್ತು. ಹೊರಗೆ ಬಂದಾಗ ಟೂರಾ ಮನೆ ಬಾಗಿಲು ತೆರೆದಿದ್ದು ಕಾಣಿಸ್ತು.”

ರೂನೆ ಗಡ್ಡ ಕೆರೆದುಕೊಂಡ.

“ನೀನು ಮಾರೋ ಮುಂಚೆ ಇದರ ಹಳೇ ನೆನಪನ್ನ ಹೇಗೆ ಅಳಿಸಿದೆ?” ಡಾಗ್ನಿಯ ಮಾತು ನೀವಿನಿಂದ ನೀನಿಗೆ ಇಳಿದಿತ್ತು. ಅವಳಿಗೆ ಸಿಟ್ಟು ಬಂದಾಗ ಹಾಗಾಗುತ್ತದೆ.

“ಎಲ್ಲರೂ ಮಾಡೋ ಹಾಗೇನೇ. ಮುಂಭಾಗದ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಎಲ್ಲಾ ಅಳಿಸಿ ಹೋಗುತ್ತೆ. ಸರ್ಟಿಫಿಕೇಟೂ ಕೊಟ್ಟಿದೀನಿ, ಮುದ್ರೆ ಒತ್ತಿ.”

“ಮುದ್ರೆ ಕಂಡ್ರೆ ಸಾಕು, ನಮ್ಮ ಜನ ಮುಂದೆ ಒಂದು ಮಾತು ಕೇಳಲ್ಲ. ಬೆಲೇಲಿ ಎಪ್ಪತ್ತು ಪರ್ಸೆಂಟ್ ಯಾಕೆ ಬಿಟ್ಟೆ ಅಂತಾನೂ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಮರ್ಯಾದೆ ಅಲ್ವಂತೆ.” ಡಾಗ್ನಿ ಚೀಲದಿಂದ ಲ್ಯಾಪ್‌ಟಾಪನ್ನೂ ಚಪ್ಪಟೆ ನೀಲಿ ಕೇಬಲನ್ನೂ ತೆಗೆದಳು. “ಈ ಮಾದರಿಯಲ್ಲಿ ಆ ಗುಂಡಿ ಏನನ್ನೂ ಅಳಿಸಲ್ಲ ರೂನೆ. ಯಾವ ತೂತು ಯಾರದು ಅಂತ ಬರೆದಿಟ್ಟ ಹಳೇ ಫೈಲಿನ ಹೆಸರಿಗೆ ಒಂದು ಬಾಲ ಅಂಟಿಸಿ ಮೂಲೆಗೆ ತಳ್ಳುತ್ತೆ, ಅಷ್ಟೆ. ಪೆಟ್ಟಿಗೆ ಎದ್ದು ತನ್ನ ಫೈಲ್ ಹುಡುಕುತ್ತೆ, ಕಾಣಲ್ಲ, ಆಗ ತಾನೇ ಹುಟ್ಟಿದವರ ಥರ ನಾನ್ಯಾರು ಅಂತ ಕೇಳುತ್ತೆ. ಆ ಬಾಲ ಕಿತ್ತುಹಾಕಿ ಮತ್ತೆ ಶುರು ಮಾಡಿದ್ರೆ?”

ರೂನೆ ಹಿಂದಿದ್ದ ಸ್ಟೂಲನ್ನು ಕೈಯಲ್ಲೇ ತಡಕಿ ಕುಳಿತುಕೊಂಡ.

“ಹಳೇ ನೆನಪೆಲ್ಲಾ ವಾಪಸ್ ಬರುತ್ತೆ,” ಎಂದ ಕೊನೆಗೆ. “ಹೊಸದು ಮರೆತು ಹೋಗುತ್ತೆ.”

“ಆ ಭಾನುವಾರ ಯಾರೋ ಮಾಡಿದ್ದು ಅದೇ. ಬೇಕಂತಲೇ. ಗುಡಿಸಲ ಬೀಗದ ಕೈ ಸೌದೆ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡ್ತಿರುತ್ತೆ, ಊರಿಗೆಲ್ಲ ಗೊತ್ತು. ಆದ್ರೆ ಈ ಪೆಟ್ಟಿಗೆಯೊಳಗೆ ಹಳೇದು ಉಳಿದಿದೆ ಅನ್ನೋದು ಯಾರಿಗೆ ಗೊತ್ತು? ನಿನಗೆ ಗೊತ್ತಿರಬೇಕು. ಇಲ್ಲ ಅಂದ್ರೆ ಇದರ ಹಳೇ ಯಜಮಾನರಿಗೆ. ಎಲ್ಲಿಂದ ಬಂತು ಇದು?”

“ಹೇಳೋ ಹಾಗಿಲ್ಲ. ಒಪ್ಪಂದ.”

“ಹಾಗಾದ್ರೆ ಎಪ್ಪತ್ತು ಪರ್ಸೆಂಟ್ ಯಾಕೆ ಬಿಟ್ಟೆ ಅದನ್ನಾದ್ರೂ ಹೇಳು. ಬೇರೆಯವರಿಗೆ ಎಷ್ಟು ಬಿಡ್ತೀಯ?”

“ನಲವತ್ತು. ತುಂಬಾ ಅಂದ್ರೆ ನಲವತ್ತೈದು.”

“ಐನಾರ್ ಅಷ್ಟೊಂದು ಚೌಕಾಸಿ ಮಾಡಿದ್ನಾ?”

“ಅವರಾ? ಚೌಕಾಸಿ?” ರೂನೆ ನಗಲು ನೋಡಿದ, ಆಗಲಿಲ್ಲ. “ಕೇಳೋಕೇ ನಾಚ್ಕೊಂಡು ಬಾಗಿಲಲ್ಲಿ ನಿಂತಿದ್ರು. ನಾನೇ ಕರೆದು ಎಪ್ಪತ್ತು ಅಂದೆ. ಅವರ ಮುಖ ನೋಡಬೇಕಿತ್ತು ನೀವು.”

“ಯಾಕೆ ಅಂದೆ?”

ಇಬ್ಬರ ನಡುವೆ ಗುಂಯ್‌ಗುಡುವಿಕೆಯೊಂದೇ ಉಳಿಯಿತು. ಡಾಗ್ನಿ ಆ ಮೌನಕ್ಕೆ ತನ್ನದೊಂದು ಮಾತನ್ನೂ ಸೇರಿಸಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕಲಿತ ವಿದ್ಯೆಯದು. ಫೋನಿನ ಆ ತುದಿಯಲ್ಲಿ ಉಸಿರು ಕೇಳುತ್ತಿದ್ದರೆ ಕಾಯಬೇಕು.

“ಒಬ್ಬಳು ಹೆಂಗಸು ಬಂದಿದ್ಲು,” ಎಂದ ರೂನೆ. “ಫೆಬ್ರವರೀಲಿ. ವಯಸ್ಸಾದೋಳು, ಉಣ್ಣೆ ಟೋಪಿ ಹಾಕ್ಕೊಂಡು. ನಂಬರ್ ಚೀಟಿ ತಗೊಂಡು ತನ್ನ ಸರದಿ ಬರೋವರೆಗೂ ಕೂತಿದ್ಲು. ಆಮೇಲೆ ಇಲ್ಲಿಗೆ ಬಂದು ಕಪಾಟು ಕಪಾಟಾಗಿ ನೋಡಿದ್ಲು. ಇದರ ಹತ್ರ ಬಂದ ತಕ್ಷಣ ನಿಂತ್ಲು. ಮುಟ್ಟಿದ್ಲು. ಕೆನ್ನೆ ಇಟ್ಟು ಫ್ಯಾನಿನ ಸದ್ದು ಕೇಳಿದ್ಲು. ಇದು ಗ್ರಾನ್‌ಬೂಗೆ ಹೋಗಬೇಕು, ಐನಾರ್ ಅನ್ನೋರು ಬರ್ತಾರೆ, ಅವರು ಬೇಡ ಅನ್ನೋಕೆ ಆಗದಷ್ಟು ಅಗ್ಗಕ್ಕೆ ಕೊಡು ಅಂದ್ಲು. ಬೆಲೇಲಿ ಕಮ್ಮಿ ಬಿದ್ದ ದುಡ್ಡನ್ನ ಅವಳೇ ಕೊಟ್ಲು. ಊರಿಗೆ ಒಳ್ಳೇದು ಮಾಡ್ತಿದಾಳೆ, ಹೆಸರು ಬೇಡ ಅಂತಿದಾಳೆ ಅಂದ್ಕೊಂಡೆ. ನಮ್ಮಲ್ಲಿ ಹಾಗೆ ಮಾಡೋರಿದಾರಲ್ಲ.”

ಡಾಗ್ನಿ ಪೆಟ್ಟಿಗೆಯತ್ತ ತಿರುಗಿದಳು. ಹಾಗಾದರೆ ಈ ಪೆಟ್ಟಿಗೆಯನ್ನು ಐನಾರ್ ಆರಿಸಿಕೊಂಡಿರಲೇ ಇಲ್ಲ. ಅವನಿಗಾಗಿ ಬೇರೆಯವರು ಆರಿಸಿಟ್ಟಿದ್ದರು. ರಿಯಾಯಿತಿ ಅವನನ್ನು ಎಳೆಯಲು ಹಾಕಿದ ಗಾಳ.

“ಹೆಸರು?”

“ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

“ಕೇಳಲ್ಲ, ನೀವ್ಯಾರೂ ಏನೂ ಕೇಳಲ್ಲ!” ಎಂದು ಗದರಿ ಡಾಗ್ನಿ ನೀಲಿ ಕೇಬಲನ್ನು ಪೆಟ್ಟಿಗೆಯ ಬೆನ್ನಿಗೆ ಚುಚ್ಚಿದಳು. “ಇರಲಿ. ಇದನ್ನೇ ಕೇಳೋಣ.”

ಪೆಟ್ಟಿಗೆ ಎಚ್ಚರಗೊಳ್ಳಲು ನಾಲ್ಕು ನಿಮಿಷ ಹಿಡಿಯಿತು. ಪರದೆಯ ಮೇಲೆ ಫೈಲುಗಳ ಪಟ್ಟಿ ಮೂಡಿತು. ಐನಾರ್ ತುಂಬಿದ್ದು ಮೇಲಿತ್ತು. ಅದರ ಕೆಳಗೆ, ಬಾಲ ಅಂಟಿಸಿಕೊಂಡು, ಹಳೆಯದು ಸುಮ್ಮನೆ ಕೂತಿತ್ತು.

“ದೇವರೇ,” ಎಂದ ರೂನೆ. “ಈ ಮಾದರೀದು ನಾನು ಎಷ್ಟು ಕಳಿಸಿದೀನಿ!”

ಡಾಗ್ನಿ ಅದನ್ನು ತೆರೆದಳು. ಮೊದಲ ಸಾಲಿನಲ್ಲೇ ಪೆಟ್ಟಿಗೆ ತನ್ನ ಹಳೆಯ ಹೆಸರು ಹೇಳಿತು. ಗ್ರೋಫೋರ್ಸ್ ಅಣೆಕಟ್ಟು, ನಿಯಂತ್ರಣ ಕೊಠಡಿ.

ಗ್ರಾನ್‌ಬೂನಿಂದ ಹನ್ನೆರಡು ಕಿಲೋಮೀಟರ್ ಮೇಲಿನ ಅಣೆಕಟ್ಟು. ಆ ಕೊಠಡಿ ಮುಚ್ಚಿ ಏಳು ವರ್ಷವಾಗಿತ್ತು. ಈಗ ದೂರದ ಊರೊಂದರಿಂದ ಅದನ್ನು ನಡೆಸುತ್ತಾರೆ. ಕೆಳಗೆ ಒಂದೊಂದು ತೂತಿಗೂ ಯಾರೋ ಕೂತು ಹೆಸರಿಟ್ಟಿದ್ದರು.

ಗೇಟ್ ಒಂದು. ಗೇಟ್ ಎರಡು. ಗೇಟ್ ಮೂರು, ಇದು ಸೋಮಾರಿ, ಎರಡು ಸಲ ಹೇಳಿ. ಮೇಲಿನ ನೀರಿನ ಮಟ್ಟ. ಕೆಳಗಿನ ನೀರಿನ ಮಟ್ಟ. ಸೈರನ್, ಊರಿನ ಕಡೆ, ಪ್ರತಿ ಸೋಮವಾರ ಪರೀಕ್ಷಿಸಿ. ಮೀನು ಹತ್ತುವ ಮೆಟ್ಟಿಲಿನ ಕ್ಯಾಮೆರಾ, ವಸಂತದಲ್ಲಿ ಮುಟ್ಟಬೇಡಿ, ಅವು ಮನೆಗೆ ಹೋಗುತ್ತಿರುತ್ತವೆ.

ಡಾಗ್ನಿ ಓದುತ್ತ ಓದುತ್ತ ಉಸಿರು ಹಿಡಿದಳು. ಒಂದು ಚೀಲದಲ್ಲಿ ಹಿಡಿಸುವ ಈ ಲೋಹದ ಡಬ್ಬಿಯೊಳಗೆ ಇಡೀ ಒಂದು ನದಿ ಇತ್ತು. ಅದರ ಗೇಟುಗಳು, ಅದರ ಕೋಪ, ಅದರ ಮೀನುಗಳು, ಎಲ್ಲದರ ಮೇಲೂ ಕಣ್ಣಿಟ್ಟು ಕೂತ ಒಂದು ಜೀವ. ಆ ಜೀವ ನದಿಯನ್ನು ಎಷ್ಟು ಪ್ರೀತಿಸಿತ್ತೆಂದರೆ ಯಾರೂ ಓದದ ಈ ಜಾಗದಲ್ಲೂ ಮೀನುಗಳ ಪರವಾಗಿ ಬೇಡಿಕೊಂಡಿತ್ತು. ಅವಳ ಕಣ್ಣು ಮಂಜಾಯಿತು. ರೂನೆ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಯಾರಿವರು?” ಅವನು ಪಿಸುಗುಟ್ಟಿದ.

ಉತ್ತರ ಮೇಲಿನ ಸಾಲಿನಲ್ಲೇ ಇತ್ತು, ಆತುರದಲ್ಲಿ ಅವಳು ಅದನ್ನು ದಾಟಿ ಬಂದಿದ್ದಳು. ಕೊನೆಯ ಬದಲಾವಣೆ: ಭಾನುವಾರ, ಮೇ ನಾಲ್ಕು, ಬೆಳಿಗ್ಗೆ ಹನ್ನೊಂದು ಗಂಟೆ ಒಂಬತ್ತು ನಿಮಿಷ. ಬದಲಿಸಿದವರು: ಟೂರಾ ಬೆರ್ಗ್‌ವಾಲ್.

ಡಾಗ್ನಿ ಮೂರು ಸಲ ಓದಿದಳು. ಹೆಸರು ಬದಲಾಗಲಿಲ್ಲ.

ಗ್ರಾನ್‌ಬೂನಲ್ಲಿ ಯಾರನ್ನೇ ಕೇಳಿ, ಟೂರಾ ಅಣೆಕಟ್ಟಿನ ಕ್ಯಾಂಟೀನಿನಲ್ಲಿದ್ದವಳು ಎನ್ನುತ್ತಾರೆ. ಅವಳು ಹಾಗೆಂದು ಯಾವತ್ತೂ ಹೇಳಿರಲಿಲ್ಲವಂತೆ. ಅಲ್ಲೇನು ಕೆಲಸ ಎಂದರೆ, ಎಲ್ಲರಿಗೂ ಸಲ್ಲಬೇಕಾದ್ದು ಸಲ್ಲುವ ಹಾಗೆ ನೋಡ್ಕೋತೀನಿ ಎನ್ನುತ್ತಿದ್ದಳಂತೆ. ಬಾಯಿಬಿಟ್ಟು ದೊಡ್ಡಸ್ತಿಕೆ ಹೇಳಿಕೊಳ್ಳುವುದು ಆ ಕಡೆಯವರಿಗೆ ಆಗದು, ಕೆದಕಿ ಕೇಳುವುದೂ ಆಗದು. ಹೀಗೆ ಮೂವತ್ತು ವರ್ಷ ಒಂದು ನದಿಯನ್ನು ಕೈಯಲ್ಲಿ ಹಿಡಿದವಳಿಗೆ ಊರವರೆಲ್ಲ ಸೇರಿ ಸೌಟು ಕೊಟ್ಟಿದ್ದರು. ಮೂರು ದಿನ ಊರಿಡೀ ವಿಚಾರಿಸಿದ ಡಾಗ್ನಿಯೂ ಅದನ್ನೇ ನಂಬಿದ್ದಳು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಉಣ್ಣೆ ಟೋಪಿಯ ಹೆಂಗಸೂ ಟೂರಾಳೇ, ತನ್ನ ಕೊರಳ ಗಂಟೆಯನ್ನು ಸಾಯಿಸಿದವಳೂ ಅವಳೇ. ಐನಾರ್ ನಿರಪರಾಧಿ. ಅವನ ಮರ್ಯಾದೆ ಉಳಿಸುವ ಸಾಕ್ಷಿ ಈಗ ಅವಳ ಕಣ್ಣ ಮುಂದೆಯೇ ಇತ್ತು. ಕುಣಿದಾಡಬೇಕಿತ್ತು ಅವಳು.

“ಆ ದಿನ ಬದಲಿಸಿದ್ದೇನು?” ರೂನೆ ಕೇಳಿದ.

ಕೊನೆಯ ತೂತು, ನಲವತ್ತೆಂಟನೆಯದು. ಅದಕ್ಕೆ ಯಾವ ತಂತಿಯೂ ಸೇರುತ್ತಿರಲಿಲ್ಲ. ಹೆಸರಿನ ಜಾಗದಲ್ಲಿ ಹೊಸದಾಗಿ ಬರೆದಿತ್ತು.

ಇಲ್ಲಿಯವರೆಗೆ ಹುಡುಕಿ ಬಂದವರಿಗೆ. ಅಂದು ಮುನ್ಸೂಚನೆಯಿಲ್ಲದೆ ನೀರು ಬಿಟ್ಟಾಗ ಸೈರನ್ ಕೆಟ್ಟಿರಲಿಲ್ಲ, ಅಣೆಕಟ್ಟಿನವರೇ ಕತ್ತರಿಸಿದ್ದರು. ಪುರಾವೆ ಈ ಪೆಟ್ಟಿಗೆಯಲ್ಲಿದೆ. ಅವರು ಜಾಲದ ಮೂಲಕ ಒಳಗೆ ಬಂದು ಅಳಿಸುವ ಮೊದಲು ಊರಿನ ಜಾಲ ಕಡಿದು ಬಾಗಿಲು ಮುಚ್ಚಿದ್ದೇನೆ. ಐನಾರ್‌ಗೆ ಹೇಳಬೇಡಿ. ಅವನಿಗೆ ಗೊತ್ತಿಲ್ಲದಷ್ಟು ದಿನ ಮಾತ್ರ ಅವನನ್ನು ಸುಮ್ಮನೆ ಬಿಟ್ಟಿರುತ್ತಾರೆ.

ರೂನೆ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಡಾಗ್ನಿಯ ಫೋನ್ ನಡುಗಿತು. ಐನಾರ್.

“ಆಸ್ಪತ್ರೆಯಿಂದ ಮಾಡ್ತಿದೀನಿ ಡಾಗ್ನಿ. ಏನಾದ್ರೂ ಸಿಕ್ತಾ? ನನ್ನ ತಪ್ಪಾ ಅಲ್ವಾ, ಅಷ್ಟು ಹೇಳು ಸಾಕು. ನಿದ್ದೆ ಮಾಡಿ ಹನ್ನೊಂದು ದಿನ ಆಯ್ತು.”

ಡಾಗ್ನಿ ಪರದೆ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು. ಮೂವತ್ತು ವರ್ಷದ ಸ್ನೇಹಿತ ಆ ಮಾತಿಗಾಗಿ ಕಾದು ನಿಂತಿದ್ದ.

“ಇನ್ನೂ ಏನೂ ಸಿಕ್ಕಿಲ್ಲ, ಐನಾರ್.”

ಆ ಕಡೆ ಕಪ್ಪೊಂದನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

“ಸರಿ ಬಿಡು. ಹಾಗಾದ್ರೆ ನಂದೇ ತಪ್ಪು. ಶನಿವಾರ ನಾನೇ ಎದ್ದು ನಿಂತು ಹೇಳ್ಬಿಡ್ತೀನಿ. ನೀನು ಬೇಜಾರು ಮಾಡ್ಕೋಬೇಡ, ನಿನ್ನ ಕೈಲಾದ್ದು ಮಾಡಿದೀಯ.”

ಇಷ್ಟು ಹೀನವಾಗಿ ತಾನು ಯಾರಿಗೂ ಸುಳ್ಳು ಹೇಳಿರಲಿಲ್ಲ ಎನ್ನಿಸಿತು ಡಾಗ್ನಿಗೆ.

“ನೀನು ಟೂರಾ ಹತ್ರಾನೇ ಇರು,” ಎಂದಳು. “ಅವಳನ್ನ ಒಬ್ಬಳೇ ಬಿಡಬೇಡ.”

“ಒಬ್ಬಳೇ ಇಲ್ಲ ಬಿಡು,” ಎಂದ ಐನಾರ್. ಅವನ ದನಿಯಲ್ಲಿ ಇಷ್ಟು ದಿನದಲ್ಲಿ ಮೊದಲ ಸಲ ಚೂರು ಗೆಲುವಿತ್ತು. “ಅಣೆಕಟ್ಟಿನಲ್ಲಿ ಅವಳ ಜೊತೆ ಕೆಲಸ ಮಾಡಿದೋರಂತೆ, ಒಬ್ಬರು ಹೂವು ಹಿಡ್ಕೊಂಡು ನೋಡೋಕೆ ಬಂದಿದಾರೆ. ಎಷ್ಟು ಒಳ್ಳೇ ಮನುಷ್ಯ ಗೊತ್ತಾ? ನೀವು ಸುಸ್ತಾಗಿದೀರಿ, ಹೋಗಿ ಕಾಫಿ ಕುಡೀರಿ, ನಾನು ಕೂತಿರ್ತೀನಿ ಅಂದ್ರು. ನಾನು ಈಗ ಕೆಳಗೆ ಕ್ಯಾಂಟೀನಲ್ಲಿದೀನಿ.”